ಹತ್ತನೆಯ ದಿನದ ನೀರು

"ಗುರುಗಳೇ, ಇಲ್ಲದ್ದನ್ನು ಇದೆ ಎಂದರೆ ಸುಳ್ಳು. ಇದ್ದದ್ದನ್ನು ಹೇಳದೆ ಬಿಟ್ಟರೆ ಅದೂ ಸುಳ್ಳೇ?"

ಕೇಳಿದವಳು ನಾಗವೇಣಿ. ಕಬ್ಬಿಣದ ತುಕ್ಕನ್ನೂ ಇದ್ದಿಲನ್ನೂ ಬೆಸೆದು, ನೀರಿನ ವಿಷ ಹೀರುವ ಪುಡಿಯೊಂದನ್ನು ಮಾಡಲು ಅವಳು ಗುರುಗಳ ಪ್ರಯೋಗಶಾಲೆಯಲ್ಲಿ ಐದು ವರ್ಷ ದುಡಿದಿದ್ದಳು. ಬರೆದು ಮುಗಿಸಿದ ಪ್ರಬಂಧ ಮೇಜಿನ ಮೇಲಿತ್ತು. ಗುರುಗಳು ಅದನ್ನು ತೆರೆಯಲಿಲ್ಲ. ಅವಳ ಮುಖ ಬಾಡಿದ್ದನ್ನು ನೋಡಿ, ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಕುಂಬಾರನಿದ್ದ. ಊರ ಬಾವಿಯ ನೀರು ನೋಡಲು ತಿಳಿ, ಒಳಗೆ ವಿಷ. ಕುಡಿದವರ ಅಂಗೈಯಲ್ಲಿ ಗಂಟು ಏಳುತ್ತಿದ್ದವು. ಕುಂಬಾರನ ಮಗಳ ಕೈಯಲ್ಲೂ ಎದ್ದವು. ಚಿಕ್ಕ ಮಕ್ಕಳಿದ್ದ ಮನೆಯ ಹೆಂಗಸರು ದಿನಾ ಗುಡ್ಡ ಹತ್ತಿ ಒರತೆಯ ನೀರು ಹೊತ್ತು ತರುತ್ತಿದ್ದರು.

ಕುಂಬಾರ ಕಮ್ಮಾರನಿಂದ ತುಕ್ಕು ತಂದ. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿದ. ಎರಡನ್ನೂ ಜೇಡಿಮಣ್ಣಿನಲ್ಲಿ ಕಲಸಿ ಉಂಡೆ ಕಟ್ಟಿ, ಮಡಕೆ ಸುಡುವ ಹಾಗೆಯೇ ತೆರೆದ ಆವಿಗೆಯಲ್ಲಿ ಸುಟ್ಟ. ಕುಂಬಾರನಲ್ಲವೆ, ಕೈಗೆ ರೂಢಿಯಾದದ್ದು ಅದೊಂದೇ. ಇದ್ದಿಲೆಲ್ಲ ಉರಿದುಹೋಗಿ ಬರೀ ಕೆಂಪು ಉಂಡೆ ಉಳಿಯಿತು. ಎಷ್ಟೋ ಸಲ ಸೋತ ಮೇಲೆ, ಉಂಡೆಗಳನ್ನು ಗಡಿಗೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಗಾಳಿ ಸೋಕದಂತೆ ಸುಡುವುದನ್ನು ಕಲಿತ. ಉಂಡೆ ಕಪ್ಪಾಗಿ, ಗಟ್ಟಿಯಾಗಿ ಬಂದವು. ತಳದಲ್ಲಿ ತೂತಿದ್ದ ಮಡಕೆಗೆ ಅವನ್ನು ತುಂಬಿ ಬಾವಿಯ ನೀರು ಹೊಯ್ದ. ಇಳಿದ ನೀರಿನಲ್ಲಿ, ಪೇಟೆಯಿಂದ ತಂದಿದ್ದ, ವಿಷವಿದ್ದರೆ ಕಂದು ಬಣ್ಣಕ್ಕೆ ತಿರುಗುವ ಕಾಗದ ಅದ್ದಿದ. ಕಾಗದ ಬೆಳ್ಳಗೇ ಇತ್ತು. ಪಾಪ, ಅವನು ಅತ್ತೇಬಿಟ್ಟ.

ಊರೆಲ್ಲ ಮಡಕೆ ಕೇಳಿತು. ಮಡಕೆ ಸಿದ್ಧವಾಗುವಷ್ಟು ದಿನವೂ ಅವನು ಮನೆಯ ನೀರಿಗೆ ಕಾಗದ ಅದ್ದುತ್ತಲೇ ಇದ್ದ. ಒಂಬತ್ತು ದಿನ ಬೆಳ್ಳಗಿತ್ತು. ಹತ್ತನೆಯ ದಿನ ಕಂದಾಯಿತು. ವಿಷ ಹೀರಿ ಹೀರಿ ಉಂಡೆಗಳ ಹೊಟ್ಟೆ ತುಂಬಿತ್ತು.

"ಇದನ್ನ ಯಾರ ಮುಂದೂ ಹೇಳಬ್ಯಾಡ," ಎಂದಳು ಹೆಂಡತಿ. "ಒಂಬತ್ತು ದಿನ ಚಲೋ ನೀರು ಕುಡೀತಾರಲ್ಲ, ಅಷ್ಟರ ಆಗಲಿ. ಹೇಳಿದ್ರ ಒಬ್ರೂ ಒಯ್ಯಂಗಿಲ್ಲ. ದುಡಿದದ್ದೆಲ್ಲಾ ಮಣ್ಣುಪಾಲಾಗತೈತಿ."

ಅವಳದು ಕೆಟ್ಟ ಮನಸ್ಸಲ್ಲ. ಗಂಡ ಬೆಂಕಿಯ ಮುಂದೆ ಬೆಂದದ್ದನ್ನು ಕಣ್ಣಾರೆ ಕಂಡವಳು. ಕುಂಬಾರ ಹತ್ತನೆಯ ದಿನದ ಮಾತನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ. ಸುಳ್ಳನ್ನಂತೂ ಒಂದೂ ಹೇಳಲಿಲ್ಲ. ಕೇಳಿದವರಿಗೆಲ್ಲ ಬಿಳಿ ಕಾಗದ ತೋರಿಸಿದ, ಮೊದಲ ದಿನದ್ದು. ತನ್ನ ಮನೆಯ ಉಂಡೆಗಳನ್ನು ಮಾತ್ರ ಬದಲಿಸಿಕೊಂಡ.

ಮಡಕೆ ಹಂಚಿ ಹನ್ನೆರಡನೆಯ ದಿನ ಬೆಳಿಗ್ಗೆ ನೆರೆಮನೆಯವಳು ಅವನನ್ನು ಕರೆದಳು.

"ನಿನ್ನ ಮಡಕಿ ಬಂದ ಮ್ಯಾಲೆ ಗುಡ್ಡ ಹತ್ತೂದು ತಪ್ತು ನೋಡಣ್ಣ. ನಿನ್ನ ಹೊಟ್ಟಿ ತಣ್ಣಗಿರಲಿ."

ಅವಳ ಕೂಸು ಆ ಮಡಕೆಯ ನೀರನ್ನೇ ಲೋಟದಲ್ಲಿ ಹಿಡಿದು ನಿಂತಿತ್ತು. ಮಡಕೆ ಬರುವ ಮೊದಲು ಈ ಕೂಸು ಒರತೆಯ ನೀರು ಕುಡಿಯುತ್ತಿತ್ತು. ಕುಂಬಾರ ಲೋಟ ಕಸಿದು ನೀರು ಚೆಲ್ಲಿದ. ನಿಂತಲ್ಲೇ ಎಲ್ಲವನ್ನೂ ಹೇಳಿದ.

ಅವಳು ಕೂಸನ್ನು ಎತ್ತಿಕೊಂಡಳು.

"ಒಂಬತ್ತು ದಿನಕ್ಕೊಮ್ಮೆ ಉಂಡಿ ಬದಲಿಸಬೇಕು, ಅಷ್ಟ ಹೌದಲ್ಲೊ?" ಎಂದಳು. "ಒಲಿ ಬೂದಿ ದಿನಾ ತಗಿಯಾಕಿ ನಾನು. ಇದನ್ನ ಮಾಡ್ತಿದ್ದಿಲ್ಲೇನು? ಒಂದು ಮಾತು ಮೊದಲ ಹೇಳಿದ್ರ ನನ್ನ ಕೂಸು ಎರಡು ದಿನ ವಿಷ ಕುಡೀತಿರಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅಂದೇ ಅವನು ಮನೆಮನೆಗೂ ಹೋಗಿ ಹೇಳಿದ. ಒಬ್ಬರೂ ಮಡಕೆಯನ್ನು ಹಿಂದಕ್ಕೆ ಕೊಡಲಿಲ್ಲ.

ಕತೆ ಮುಗಿಯುವ ಹೊತ್ತಿಗೆ ನಾಗವೇಣಿ ತಲೆ ತಗ್ಗಿಸಿದ್ದಳು. ಗುರುಗಳು ಪ್ರಬಂಧವನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ನಿನ್ನ ಹತ್ತನೆಯ ದಿನ ಯಾವ ಪುಟದಲ್ಲಿದೆ, ತೋರಿಸಮ್ಮ."