ಅಪ್ಪಣೆಗೆರೆಗೆ ಆ ಹೆಸರು ಬಂದದ್ದು

ಕಣಿವೆಹಟ್ಟಿಯಲ್ಲಿ ಬಸ್ಸಿಳಿದು ದಿಬ್ಬ ಹತ್ತಿದರೆ ಎರಡು ಗುಡ್ಡಗಳ ನಡುವೆ ಹಳೆಯ ಕೆರೆಯ ಏರಿ ಕಾಣುತ್ತದೆ. ನಡುವೆ ನಲವತ್ತು ಮಾರು ಅಗಲಕ್ಕೆ ಒಡೆದುಹೋಗಿದೆ. ಒಳಗೆ ನೀರಿಲ್ಲ; ಜಾಲಿ ಬೆಳೆದು ಕುರಿಗಳು ಮೇಯುತ್ತವೆ. ಈಗ ಎಲ್ಲರೂ ಅಪ್ಪಣೆಗೆರೆ ಎನ್ನುವ ಇದಕ್ಕೆ ಮೊದಲು ಹಿರೇಕೆರೆ ಎಂಬ ಹೆಸರಿತ್ತಂತೆ.

ಹಿಂದೆ ಒಮ್ಮೆ ಈ ಕೆರೆಯ ತೂಬು, ಕೋಡಿ, ಮೇಲಿನ ಹಳ್ಳಗಳೆಲ್ಲ ಊರವರ ಕೈಯಲ್ಲೇ ಇದ್ದವು ಎನ್ನುತ್ತಾರೆ. ನೀರು ಬಿಡುವ, ಕಟ್ಟುವ ಕೆಲಸ ನೀರುಗಂಟಿ ಮಾಳಿಗನದು. ಏರಿಯ ಮೇಲೆ ಬರಿಗಾಲಲ್ಲಿ ನಡೆದೇ ಒಳಗೆ ಎಲ್ಲಿ ಜಿನುಗುತ್ತಿದೆಯೆಂದು ಅವನು ಹೇಳಬಲ್ಲವನಾಗಿದ್ದ. ಆಮೇಲೆ ಎರಡು ದಿನದ ದಾರಿಯಾಚೆಯ ಬೆಣಚುಕೋಟೆಯ ಅರಸರು ಸೀಮೆಯ ಕೆರೆಗಳನ್ನೆಲ್ಲ ಅರಮನೆಯ ವಶಕ್ಕೆ ತೆಗೆದುಕೊಂಡರು. ಇನ್ನಷ್ಟು ನೀರು ನಿಲ್ಲಲೆಂದು, ತುಂಬಿದ ನೀರು ಹೊರಬೀಳುವ ಕೋಡಿಗೆ ಎದೆಯೆತ್ತರ ಕಲ್ಲು ಕಟ್ಟಿಸಿ ಗಾರೆಯ ಮೇಲೆ ಮುದ್ರೆ ಒತ್ತಿಸಿದರು. ಅಪ್ಪಣೆಯಿಲ್ಲದೆ ಮುಟ್ಟಿದವರ ಕೈ ಕಡಿಸುವುದಾಗಿ ಡಂಗುರ ಹೊಡೆಸಿ, ನಾಲ್ವರು ಬಂಟರೊಡನೆ ತಿರುಮಲಯ್ಯನೆಂಬ ಪಾರುಪತ್ತೆಗಾರನನ್ನು ಕಾವಲಿಗಿಟ್ಟರು.

ಆ ವರ್ಷ ಹಸ್ತದ ಮಳೆ ಹಿಡಿದದ್ದು ಬಿಡಲಿಲ್ಲ. ಮೂರನೆಯ ದಿನ ಮಾಳಿಗ ತಿರುಮಲಯ್ಯನ ಕಾಲು ಹಿಡಿದ.

"ಬುದ್ಧಿ, ಏರಿ ಒಳಗೊಳಗೇ ಕರಗ್ತಾ ಐತೆ. ಕೋಡಿ ಕಲ್ಲು ತೆಗೆಸಿ. ಏರಿ ಕೆಳಗಿನ ಹಟ್ಟೀಲಿ ನನ್ನ ಮಗಳು ಬಾಣಂತಿ."

"ಮೊನ್ನೆಯೇ ಕೋಟೆಗೆ ಓಲೆ ಕಳಿಸಿದ್ದೇನೆ ಮಾಳಿಗ. ಅಪ್ಪಣೆ ಬರದೆ ನಾನೇನು ಮಾಡಲಿ?"

ಮಾಳಿಗ ಹಾರೆ ಹಿಡಿದು ಕೋಡಿಗೆ ಓಡಿದ. ಬಂಟರು ಅವನನ್ನು ಕೆಡವಿ ಹುಣಸೆಮರಕ್ಕೆ ಕಟ್ಟಿದರು. ಕೆಳಗಿನ ಹಟ್ಟಿಯವರನ್ನು ಎಬ್ಬಿಸಲು ಹೋದ ಊರವರಿಗೆ ಉಕ್ಕಿದ ಹಳ್ಳ ಅಡ್ಡವಾಯಿತು. ಈಚೆ ದಡದಿಂದ ಗಂಟಲು ಹರಿಯುವಂತೆ ಕೂಗಿದರೂ ಮಳೆಯ ಸದ್ದಿನಲ್ಲಿ ಆಚೆಯವರಿಗೆ ಕೇಳಲಿಲ್ಲ. ಮರುದಿನ ಮಧ್ಯಾಹ್ನ ನೀರು ಏರಿಯ ನೆತ್ತಿ ಮುಟ್ಟಿತು. ಆಗ ತಿರುಮಲಯ್ಯ ತಾನೇ ಮಾಳಿಗನ ಕಟ್ಟು ಬಿಚ್ಚಿ, ತಾನೇ ಹಾರೆಯೆತ್ತಿ ಮುದ್ರೆಯನ್ನು ಒಡೆದ. ಇಬ್ಬರೂ ಸೇರಿ ಮೂರು ಕಲ್ಲು ಕಿತ್ತಿದ್ದರು. ಅಷ್ಟರಲ್ಲಿ ಬೆನ್ನ ಹಿಂದೆ ಏರಿ ಬಾಯಿಬಿಟ್ಟಿತು. ಕೆಳಗಿನ ಹಟ್ಟಿಯ ಒಂದು ಗುಡಿಸಲೂ ಉಳಿಯಲಿಲ್ಲ. ಮಾಳಿಗನ ಮಗಳು ಸಿಗಲಿಲ್ಲ, ಕೂಸೂ ಸಿಗಲಿಲ್ಲ.

ಮರುದಿನ ಕೋಟೆಯ ಸವಾರ ಓಲೆ ತಂದ. ಊರವರ ಎದುರು ತಿರುಮಲಯ್ಯ ಓದಿದ: "ಕೋಡಿಯ ಕಲ್ಲುಗಳನ್ನು ತೆಗೆಯಲು ಅಪ್ಪಣೆಯಾಗಿದೆ."

ಕೆಸರಿನಲ್ಲಿ ಕುಳಿತಿದ್ದ ಮಾಳಿಗ ತಲೆಯೆತ್ತಿದ. "ಇನ್ನೊಂದು ಸಲ ಓದಿ ಬುದ್ಧಿ. ಗಟ್ಟಿಯಾಗಿ ಓದಿ. ಹಟ್ಟಿಯವರಿಗೂ ಕೇಳ್ಲಿ."

ಅಪ್ಪಣೆ ತಲುಪುವ ಮೊದಲೇ ಮುದ್ರೆ ಒಡೆದನೆಂದು ಕೋಟೆಯಲ್ಲಿ ತಿರುಮಲಯ್ಯನ ಬಲಗೈ ಕಡಿಸಿದರಂತೆ. ಒಡೆದ ಏರಿಯನ್ನು ಕಟ್ಟಿಸಲು ಅರಮನೆಯವರು ಮೂರು ಬಾರಿ ಬಂದರು. ಊರಿನಲ್ಲಿ ಒಬ್ಬರೂ ಒಂದು ಬುಟ್ಟಿ ಮಣ್ಣು ಹೊರಲಿಲ್ಲ. ಅಪ್ಪಣೆಗೆರೆ ಎಂಬ ಹೆಸರು ಅಂದಿನಿಂದ ನಿಂತಿತು ಎನ್ನುತ್ತಾರೆ.

ಇಂದು ಗುಡ್ಡ ಹತ್ತುವವರಿಗೆ ಪ್ರತಿ ಕೊರಕಲಿನಲ್ಲೂ ಊರವರೇ ಕಟ್ಟಿಕೊಂಡ ಮೊಣಕಾಲೆತ್ತರದ ಕಲ್ಲಿನ ಒಡ್ಡುಗಳು ಸಿಗುತ್ತವೆ. ಒಂದಕ್ಕೂ ಗಾರೆಯಿಲ್ಲ. ಮಳೆ ಜೋರಾದರೆ ಮೊದಲು ತಲುಪಿದವರು, ಕುರಿ ಕಾಯುವ ಮುದುಕಿಯೇ ಆಗಲಿ, ಬಗ್ಗಿ ಎರಡು ಕಲ್ಲು ಸರಿಸಿ ನೀರಿಗೆ ದಾರಿ ಬಿಡುತ್ತಾರೆ.