ತೂಗುಹಾಕದ ಕುಡಿಕೆಗಳು

ವೈದ್ಯ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಈ ಕಷಾಯದಿಂದ ಗುಣವಾದ ನಲವತ್ತು ಜನರ ವಿವರ ಗ್ರಂಥದಲ್ಲಿದೆ. ಗುಣವಾಗದವರು ಒಬ್ಬರೂ ಇಲ್ಲ. ಇದನ್ನು ಕಣ್ಣು ಮುಚ್ಚಿ ಕೊಡಬಹುದಲ್ಲವೇ?"

"ಕಣ್ಣು ಮುಚ್ಚಿ ಎಂದು ನೀನೇ ಹೇಳಿದೆ. ಕೂತುಕೋ," ಎಂದರು ಗುರುಗಳು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಕೀಲುನೋವಿಗೆ ಎಣ್ಣೆ ಕೊಡುತ್ತಿದ್ದ. ಎಣ್ಣೆಯನ್ನು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹಾಕಿಕೊಡುವನು. ಗುಣವಾದವರು ಆ ಕುಡಿಕೆಯನ್ನು ತೊಳೆದು, ಸುಣ್ಣ ಬಳಿದು, ತಂದು ಅವನ ಜಗಲಿಯ ತೊಲೆಗೆ ತೂಗುಹಾಕಬೇಕು. ಅದು ವಾಡಿಕೆ.

ಇನ್ನೊಂದು ವಾಡಿಕೆಯೂ ಇತ್ತು. ಪಂಡಿತನ ಮನೆಯಿಂದ ಹೊರಡುವಾಗ ಯಾರೂ "ಹೋಗಿ ಬರುತ್ತೇನೆ" ಎನ್ನುತ್ತಿರಲಿಲ್ಲ. ಹಾಗೆಂದರೆ ರೋಗವೂ ಮತ್ತೆ ಬರುತ್ತದೆ ಎಂಬ ಭಯ. ಆದ್ದರಿಂದ ಗುಣವಾದವರು ಕುಡಿಕೆ ಕಟ್ಟಲು ಒಮ್ಮೆ ಬರುವರು. ಗುಣವಾಗದವರು ಆ ಕಡೆ ತಲೆಯೇ ಹಾಕರು.

ತೊಲೆಯ ತುಂಬ ಬಿಳಿ ಕುಡಿಕೆಗಳಾದವು. ಗಾಳಿ ಬಂದರೆ ಒಂದಕ್ಕೊಂದು ತಾಗಿ ಸದ್ದು ಮಾಡುವವು. ಆ ಸದ್ದು ಕೇಳಿದ ದಿನ ಪಂಡಿತನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ತಿಗರಿ ತಿರುಗಿಸಲಾಗಲಿಲ್ಲ. ತಿಗರಿ ನಿಂತರೆ ಒಲೆಯೂ ನಿಲ್ಲುತ್ತದೆ. ಅವನ ಹೆಂಡತಿ ಪಂಡಿತನ ಮನೆಗೆ ಬಂದಳು. ಜಗಲಿಯಲ್ಲಿ ನಿಂತು ತಲೆಯೆತ್ತಿದಳು. ಬೆರಳು ಮಡಿಚತೊಡಗಿದಳು.

"ಔಷಧಿಗೆ ಬಂದೆಯೇನಮ್ಮ, ಕುಡಿಕೆ ಎಣಿಸೋಕೆ ಬಂದೆಯೋ?" ಎಂದ ಪಂಡಿತ.

"ಔಷಧಿಗೇ ಬಂದದ್ದು, ಪಂಡಿತರೇ. ಆದರೆ ಇವು ನಮ್ಮ ಮನೆಯ ಕುಡಿಕೆಗಳು. ಮುನ್ನೂರು ಸುಟ್ಟುಕೊಟ್ಟಿದ್ದೆವು. ಒಳಗೆ ಎಷ್ಟು ಉಳಿದಿವೆ?"

"ಇಪ್ಪತ್ತು."

"ಇಲ್ಲಿ ಅರುವತ್ತು ತೂಗುತ್ತಿವೆ. ಮಿಕ್ಕ ಇನ್ನೂರಿಪ್ಪತ್ತು ಎಲ್ಲಿ?"

"ಒಡೆದಿರಬೇಕು. ನಿನ್ನ ಗಂಡ ಮಾಡಿದ್ದಲ್ಲವೇ?"

"ನನ್ನ ಗಂಡನ ಕೈ ಹಿಡಿದುಕೊಂಡಿರಬಹುದು. ಅವನು ಮಾಡಿದ್ದು ಒಡೆಯುವುದಿಲ್ಲ. ಎಣ್ಣೆ ಆಮೇಲೆ ಕೊಡಿ," ಎಂದು ಅವಳು ಇಳಿದು ನಡೆದಳು.

ಮಡಕೆ ಮಾರುವವಳು. ಎಲ್ಲರ ಅಡುಗೆಮನೆಯೂ ಅವಳಿಗೆ ಗೊತ್ತು. ಎಂಟು ದಿನ ಕೇರಿ ಕೇರಿ ತಿರುಗಿದಳು. ಕುಡಿಕೆಗಳು ಸಿಕ್ಕವು. ಒಂದರಲ್ಲಿ ಉಪ್ಪು, ಒಂದರಲ್ಲಿ ಹುಣಸೆಹಣ್ಣು. ಮಾಡಿನಲ್ಲಿದ್ದ ಒಂದರಲ್ಲಿ ಗುಬ್ಬಿ ಸಂಸಾರ ಹೂಡಿತ್ತು. ಎಲ್ಲವೂ ಸಿಗಲಿಲ್ಲ. ನೂರೆಪ್ಪತ್ತು ಸಿಕ್ಕವು.

ಪ್ರತಿ ಮನೆಯಲ್ಲೂ ನೋವು ಹೋಯಿತೇ ಎಂದು ಕೇಳಿದಳು. ಕೆಲವರಿಗೆ ಹೋಗಿತ್ತು, ಸುಣ್ಣ ಬಳಿಯಲು ಸೋಮಾರಿತನ, ಅಷ್ಟೆ. ಬಹಳ ಜನರಿಗೆ ಹೋಗಿರಲಿಲ್ಲ. ಆದರೂ ಯಾರೂ ಪಂಡಿತನನ್ನು ದೂರಲಿಲ್ಲ. ಪಥ್ಯದಲ್ಲಿ ಬದನೆಕಾಯಿ ತಿಂದುಬಿಟ್ಟೆ ಎಂದ ಒಬ್ಬ. ನನ್ನ ಹಣೆಬರಹ ಎಂದಳು ಒಬ್ಬಳು. ಹೇಳಿದರೆ ಪಂಡಿತರು ನೊಂದುಕೊಳ್ಳುವುದಿಲ್ಲವೇ ಎಂದರು ಹಲವರು.

ನೂಲಿಗೆ ಬಣ್ಣ ಹಾಕುವ ಮುದುಕಿ ಅವಳನ್ನು ಹತ್ತಿರ ಕರೆದಳು. "ಎಣ್ಣೆ ಹಚ್ಚಿದ ಮೇಲೆ ಕೈ ಇನ್ನೂ ಬಾತುಕೊಂಡಿತು ಕಣೇ. ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಇಳಿಯಿತು. ಯಾರಿಗೂ ಹೇಳಬೇಡ. ಪಂಡಿತರಿಗಿಂತ ಇವಳ ಉಪ್ಪು ದೊಡ್ಡದೋ ಅಂತ ನಗುತ್ತಾರೆ."

ಬಟ್ಟೆ ಒಗೆಯುವವನ ಮನೆಯಲ್ಲೂ, ಮೀನು ಹಿಡಿಯುವವನ ಮನೆಯಲ್ಲೂ ಅದೇ ಮಾತು: ಎಣ್ಣೆ ಹಚ್ಚಿದೆ, ಬಾತುಕೊಂಡಿತು. ಇವರೆಲ್ಲ ದಿನವಿಡೀ ನೀರಿನಲ್ಲಿ ಕೈಯಿಟ್ಟವರು. ಕುಂಬಾರಗಿತ್ತಿ ದಾರಿಯಲ್ಲೇ ನಿಂತಳು. ತನ್ನ ಗಂಡನ ಕೈ ಹಸಿಮಣ್ಣಿನಿಂದ ಹೊರಗೆ ಬಂದದ್ದು ಯಾವಾಗ?

ಹೋಗಿ ಪಂಡಿತನಿಗೆ ಎಲ್ಲವನ್ನೂ ಹೇಳಿದಳು, ಮುದುಕಿಯ ಉಪ್ಪನ್ನೂ ಬಿಡಲಿಲ್ಲ. ಅವನ ಮುಖ ಕೆಂಪಾಯಿತು.

"ಇಷ್ಟು ಜನರಲ್ಲಿ ಒಬ್ಬರಾದರೂ ಬಂದು ನನಗೆ ಹೇಳಬಾರದಿತ್ತೇ?"

"ಹೋಗಿ ಬಾ ಅಂತ ನೀವು ಯಾರಿಗೆ ಹೇಳಿದ್ದಿರಿ, ಪಂಡಿತರೇ?"

ಪಂಡಿತ ತೊಲೆಯನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆಂದು ತುಂಬಿಸಿಟ್ಟ ಎಣ್ಣೆಯನ್ನು ಒಳಗೆ ಇಟ್ಟು ಬಂದ. "ಉಪ್ಪು ಹುರಿ, ನಡೆ," ಎಂದ.

ಹದಿನೈದು ದಿನಕ್ಕೆ ತಿಗರಿ ತಿರುಗಿತು.

ಅಂದಿನಿಂದ ಪಂಡಿತ ವಾಡಿಕೆ ಬದಲಿಸಿದ. ಗುಣವಾಗಲಿ, ಬಿಡಲಿ, ಕುಡಿಕೆ ಹಿಂದಕ್ಕೆ ಬರಬೇಕು. ಗುಣವಾದರೆ ಸುಣ್ಣ, ಆಗದಿದ್ದರೆ ಮಸಿ. ಬಾಗಿಲ ತನಕ ಬಂದು ತಾನೇ "ಹೋಗಿ ಬನ್ನಿ" ಎನ್ನುವನು. ಮೊದಲ ದಿನ ಅದನ್ನು ಕೇಳಿ, ಮಂಡಿನೋವಿಗೆ ಬಂದಿದ್ದ ಮುದುಕನೊಬ್ಬ ಹೆದರಿ ಓಡಿಬಿಟ್ಟ. ಅವನ ಮಂಡಿ ಅಷ್ಟು ಚೆನ್ನಾಗಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಬರಬರುತ್ತ ಜನಕ್ಕೆ ಅಭ್ಯಾಸವಾಯಿತು. ತೊಲೆಯಲ್ಲಿ ಬಿಳಿಗಿಂತ ಕಪ್ಪೇ ಹೆಚ್ಚಾಯಿತು. ಪಂಡಿತ ಎಣ್ಣೆ ಕೊಡುವ ಮೊದಲು ರೋಗಿಯ ಕೈ ಮುಟ್ಟಿ, ಏನು ಕೆಲಸ ಮಾಡುತ್ತೀ ಎಂದು ಕೇಳತೊಡಗಿದ. ಕೆಲವರಿಗೆ ಎಣ್ಣೆ ಕೊಟ್ಟ. ಕೆಲವರನ್ನು ಮುದುಕಿಯ ಮನೆಗೆ ಕಳುಹಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟೊಂದು ಮಸಿ ಕುಡಿಕೆ ತೂಗುಹಾಕಿದರೆ ಪಂಡಿತನ ಹೆಸರು ಕೆಡಲಿಲ್ಲವೇ, ಗುರುಗಳೇ?" ಎಂದ ಶಿಷ್ಯ.

"ನನ್ನ ಪಾಠದಿಂದ ಉದ್ಧಾರವಾದೆವು ಎನ್ನಲು ಮೂವತ್ತು ವರ್ಷದಿಂದ ಶಿಷ್ಯರು ಬರುತ್ತಲೇ ಇದ್ದಾರೆ. ತಲೆಗೆ ಹತ್ತದವರು ಒಬ್ಬರೂ ಬಂದಿಲ್ಲ. ನಿನಗೆ ಯಾವುದು ಹತ್ತಿಲ್ಲ, ಅದನ್ನು ಹೇಳು."

ಶಿಷ್ಯ ಗುರುಗಳ ಹತ್ತಿರ ಸರಿದು ಕೂತ. "ಮೊದಲ ಪಾಠದಿಂದಲೇ ಹೇಳಲೇ?" ಎಂದ.