ಹಿಂದಕ್ಕೆ ತಿರುಗಿಸಿ ಹಿಡಿದ ಟಾರ್ಚು

"ಬುದ್ಧಿ, ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡಲು ಎಂಥ ಟಾರ್ಚು ಒಳ್ಳೆಯದು?"

ಮಠದ ಜಗಲಿಯ ಮೇಲೆ ಕುಳಿತಿದ್ದ ಗುರುಗಳನ್ನು ಶಿಷ್ಯ ಮುರಿಗೆಪ್ಪ ಹೀಗೆ ಕೇಳಿದ. ಮರುದಿನ ಬೆಳಿಗ್ಗೆ ಅವನು ಗುಡ್ಡದಾಚೆಯ ಊರಿಗೆ ಹೊರಡುವವನಿದ್ದ. ಅಲ್ಲಿನ ಚಿಕ್ಕ ಮಠವನ್ನೂ ಮಠದ ಶಾಲೆಯನ್ನೂ ಇನ್ನು ಮುಂದೆ ಅವನೇ ನಡೆಸಬೇಕಿತ್ತು. ಆ ಊರಿನಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದನ್ನು ಕೇಳಿದ ಪೇಟೆಯ ಭಕ್ತರೊಬ್ಬರು ತಮ್ಮ ಅಂಗಡಿಯಿಂದ ಒಂದು ಡಬ್ಬಿ ತುಂಬ ಟಾರ್ಚು ಕಳಿಸಿ, ಯಾವುದು ಬೇಕೋ ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿ ಎಂದಿದ್ದರು. ಬೆರಳುದ್ದದ್ದು, ಪೆನ್ನಿನಂಥದ್ದು, ಬೀಗದ ಕೈ ಗೊಂಚಲಿಗೆ ಸಿಕ್ಕಿಸುವಂಥದ್ದು, ಸೆಲ್ಲು ಹಾಕುವಂಥದ್ದು, ಚಾರ್ಜು ಮಾಡುವಂಥದ್ದು. ಮುರಿಗೆಪ್ಪ ಮೂರು ದಿನದಿಂದ ಅವುಗಳನ್ನು ಒಂದೊಂದಾಗಿ ಗೋಡೆಗೆ ಬಿಟ್ಟು ನೋಡುತ್ತಿದ್ದ.

"ಹೆಣ್ಣು ನೋಡಲು ಹೋದವರೂ ಇಷ್ಟು ನೋಡುವುದಿಲ್ಲವಲ್ಲಪ್ಪ" ಎಂದರು ಗುರುಗಳು. "ಕೊನೆಗೆ ಯಾವುದು ಒಪ್ಪಿಗೆಯಾಯಿತು?"

"ಇದು, ಬುದ್ಧಿ. ಕಿರುಬೆರಳಿನಷ್ಟಿದೆ. ಆದರೆ ಬೆಳಕು ಎದುರಿನ ಗುಡ್ಡ ಮುಟ್ಟುತ್ತದೆ."

ಗುರುಗಳು ಅದನ್ನು ಕೈಗೆ ತೆಗೆದುಕೊಂಡರು. ಹೊತ್ತಿಸಲಿಲ್ಲ. ಪಕ್ಕದಲ್ಲಿಟ್ಟು ಕತೆ ಹೇಳಿದರು.

ಒಂದು ಗುಡ್ಡವಿತ್ತು. ಗುಡ್ಡದ ಹೊಟ್ಟೆಯಲ್ಲಿ ಒಂದು ಗವಿ. ಗವಿಯ ಕೊನೆಯಲ್ಲಿ ಬಂಡೆಯಿಂದ ಒಸರುವ ನೀರು. ನಡುಮಧ್ಯಾಹ್ನವೂ ಅಲ್ಲಿ ಕತ್ತಲೆ. ನೆನೆಸಿದ್ದು ಕೈಗೂಡಿದವರು ಅಲ್ಲಿಗೆ ಬಂದು, ಒಳಗೆ ಇಳಿದು, ಒಂದು ತಂಬಿಗೆ ನೀರನ್ನು ತಮ್ಮ ಕೈಯಾರೆ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ಬೇಡಿಕೊಳ್ಳಲು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬೇಡಿಕೊಳ್ಳಲು ಬೇರೆ ಗುಡಿಗಳು ಬೇಕಾದಷ್ಟಿವೆ. ಈ ಗವಿಗೆ ಬರುತ್ತಿದ್ದವರೆಲ್ಲ ಸಿಕ್ಕಿದ್ದಕ್ಕೆ ಕೈಮುಗಿಯಲು ಬಂದವರು. ಅಂಥವರ ಮುಖ ನೋಡುವುದೇ ಒಂದು ಭಾಗ್ಯ.

ಅವರನ್ನು ಒಳಗೆ ಕರೆದೊಯ್ಯಲು ಒಬ್ಬನಿದ್ದ. ಜನ ಅವನನ್ನು ದೀವಟಿಗೆಯವನು ಎನ್ನುತ್ತಿದ್ದರು. ನಿಜವಾಗಿ ದೀವಟಿಗೆ ಹಿಡಿದದ್ದು ಅವನ ಅಜ್ಜ. ಅಪ್ಪ ಲಾಟೀನು ಹಿಡಿದ. ಇವನ ಕಾಲಕ್ಕೆ ಟಾರ್ಚು ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ದೀವಟಿಗೆಗೆ ಹಿಂದು ಮುಂದು ಎಂಬುದಿಲ್ಲ. ಎತ್ತಿ ಹಿಡಿದರೆ ಸುತ್ತಲೂ ಬೆಳಕು. ಲಾಟೀನೂ ಹಾಗೆಯೇ. ಟಾರ್ಚಿಗೆ ಒಂದೇ ಮುಖ. ಅದಕ್ಕೇ ಮೊದಲ ಟಾರ್ಚು ಕೊಂಡ ದಿನ ಅಪ್ಪ ಮಗನಿಗೆ ಹೇಳಿಕೊಟ್ಟಿದ್ದ: ನೀನು ಮುಂದೆ ನಡೆ, ಟಾರ್ಚನ್ನು ಸೊಂಟದ ಹತ್ತಿರ ಹಿಂದಕ್ಕೆ ತಿರುಗಿಸಿ ಹಿಡಿ. ಮಗ ಹಾಗೆಯೇ ಮಾಡುತ್ತ ಬಂದ. ಗವಿಯ ಒಂದೊಂದು ಮೆಟ್ಟಿಲೂ ಅವನ ಕಾಲಿಗೆ ಗೊತ್ತಿತ್ತು. ಅವನಿಗೆ ಬೆಳಕಿನ ಹಂಗಿರಲಿಲ್ಲ. ಟಾರ್ಚು ಅವನ ಕೈಯಲ್ಲಿದ್ದರೂ ಬೆಳಕೆಲ್ಲ ಹಿಂದೆ ಬರುವವರದ್ದು.

ಆ ಟಾರ್ಚು ಮೂರು ಸೆಲ್ಲಿನ ಹಿತ್ತಾಳೆಯದು, ಮೊಳದುದ್ದದ್ದು. ವಯಸ್ಸಾಗಿತ್ತು. ತೊಡೆಗೆ ಎರಡು ಸಲ ಬಡಿದರೆ ಹೊತ್ತಿಕೊಳ್ಳುತ್ತಿತ್ತು, ನಾಲ್ಕು ಹೆಜ್ಜೆಗೆ ಕಣ್ಣು ಮಿಟುಕಿಸುತ್ತಿತ್ತು. ಒಂದು ದಿನ ನೀರು ತುಂಬಿಕೊಂಡು ಹೊರಗೆ ಬಂದ ವ್ಯಾಪಾರಿಯೊಬ್ಬ ಅದನ್ನು ನೋಡಿ, "ನಿನ್ನಿಂದ ನನ್ನ ಹರಕೆ ತೀರಿತು. ನನ್ನ ಅಂಗಡಿಗೆ ಬಾ. ಜೇಬಿಗೆ ಹಿಡಿಯುವಂಥ ಒಂದು ಒಳ್ಳೆಯ ಟಾರ್ಚು ಆರಿಸಿಕೊ" ಎಂದ. ದೀವಟಿಗೆಯವನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅವನ ಕೈಗೆ ಕಾಣಿಕೆ ಇಟ್ಟವರು ಬಹಳ ಮಂದಿ. ಆ ಕೈಯಲ್ಲಿ ಏನಿದೆ ಎಂದು ನೋಡಿದವನು ಇವನೊಬ್ಬನೇ.

ಅಂಗಡಿಯಿಂದ ಅವನು ಆರು ಟಾರ್ಚು ತಂದ. ಆರನ್ನೂ ಹಿಡಿದುಕೊಂಡು ಗವಿಯೊಳಗೆ ಒಬ್ಬನೇ ಹೋದ. ಒಂದೊಂದನ್ನೂ ಹೊತ್ತಿಸಿ ಕೊನೆಯವರೆಗೆ ನಡೆದು ಬಂದ. ಯಾವುದರಲ್ಲೂ ಎಡವಲಿಲ್ಲ. ಎಡವುವುದು ಹೇಗೆ? ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟಿದ್ದರೂ ಅವನು ಎಡವುತ್ತಿರಲಿಲ್ಲ. ಮುರಿಗೆಪ್ಪ, ಇಂಥ ತಪ್ಪನ್ನು ಹೊಸಬ ಮಾಡುವುದಿಲ್ಲ. ದಾರಿ ಬಾಯಿಪಾಠ ಬಂದವನು ಮಾತ್ರ ಮಾಡುತ್ತಾನೆ. ಆರು ಟಾರ್ಚೂ ಪಾಸಾದವು. ಆರರಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಜೋರು ಬೆಳಕಿನದು ಒಂದಿತ್ತು. ಅದನ್ನೇ ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ಹಿಂದಿರುಗಿಸಿದ.

ಹದಿನೈದು ದಿನ ಹೊಸ ಟಾರ್ಚಿನದೇ ಮಾತು. ಒಳಗೆ ಹೋಗಿ ಬಂದವರೆಲ್ಲ ಎಂಥಾ ಬೆಳಕಪ್ಪಾ ಎಂದು ಬಾಯಿ ತುಂಬ ಹೊಗಳಿದರು. ಹೊರಗೆ ಬಂದು ಕಣ್ಣೊರೆಸಿಕೊಂಡರು. ಭಕ್ತಿಯಿಂದ ಬಂದ ಕಣ್ಣೀರು ಎಂದು ದೀವಟಿಗೆಯವನು ತಿಳಿದ. ತಾನೂ ಕೈಮುಗಿದ.

ಹದಿನಾರನೆಯ ದಿನ ಬೆಳಿಗ್ಗೆ ಒಬ್ಬ ಮುದುಕಿ ಬಂದಳು. ಅವಳ ಮಗಳಿಗೆ ಹೆರಿಗೆ ಕಷ್ಟವಾಗಿತ್ತು. ತಾಯಿಯೋ ಮಗುವೋ ಎಂಬಲ್ಲಿಗೆ ಬಂದು, ಕೊನೆಗೆ ಇಬ್ಬರೂ ಉಳಿದಿದ್ದರು. ಬಾಣಂತಿ ಮನೆಯಲ್ಲಿ ಕಾಯುತ್ತಿದ್ದಳು. ಗವಿಯ ನೀರನ್ನು ಮಗುವಿನ ತಲೆಗೆ ಸೋಕಿಸಿ, ಆಮೇಲೆ ಹೆಸರಿಡುತ್ತೇನೆ ಎಂದು ಮುದುಕಿ ಹರಕೆ ಹೊತ್ತಿದ್ದಳು. ನೀರನ್ನು ಹರಕೆ ಹೊತ್ತವರೇ ತುಂಬಬೇಕು. ಅಳಿಯನನ್ನು ಜೊತೆಗೆ ಕರೆದುಕೊಂಡು, ಎರಡು ಬಸ್ಸು ಬದಲಾಯಿಸಿ, ಹೊಳೆಯುವ ತಾಮ್ರದ ತಂಬಿಗೆ ಹಿಡಿದು ಬಂದಿದ್ದಳು.

ಮುಂದೆ ದೀವಟಿಗೆಯವನು, ನಡುವೆ ಮುದುಕಿ, ಹಿಂದೆ ಅಳಿಯ. ಮೂವತ್ತು ಮೆಟ್ಟಿಲು ಇಳಿದ ಮೇಲೆ ದಾರಿ ಎಡಕ್ಕೆ ಹೊರಳುತ್ತದೆ. ಬಲಕ್ಕೆ ಬಂಡೆ ಬಿರುಕು ಬಿಟ್ಟಿದೆ. ಎರಡಾಳು ಆಳ. ಅಲ್ಲಿ ಮುದುಕಿಯ ಕಾಲು ಮೆಟ್ಟಿಲು ತಪ್ಪಿತು. ತಂಬಿಗೆ ಕೈಜಾರಿ ಬಿರುಕಿನೊಳಗೆ ಹೋಯಿತು. ಅದರ ಹಿಂದೆಯೇ ಹೋಗುತ್ತಿದ್ದವಳನ್ನು ಅಳಿಯ ರಟ್ಟೆ ಹಿಡಿದು ಎಳೆದುಕೊಂಡ. ಅವಳ ಬಲಗೈ ಬಂಡೆಗೆ ಬಡಿದು ಮಣಿಕಟ್ಟು ಊದಿಕೊಂಡಿತು. ಜೀವ ಉಳಿಯಿತು.

ಇಬ್ಬರೂ ಸೇರಿ ಅವಳನ್ನು ಹೊರಗೆ ತಂದರು. ಮೂರು ತಲೆಮಾರಿನಲ್ಲಿ ಆ ಗವಿಯಲ್ಲಿ ಯಾರೂ ಬಿದ್ದಿರಲಿಲ್ಲ. ಮುದುಕಿ ಎಡಗೈಯನ್ನು ಅವನ ತಲೆಯ ಮೇಲಿಟ್ಟು, "ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ. ನಂಗೋಸ್ಕರ ಎಷ್ಟು ಕಷ್ಟಪಟ್ಟೆ" ಎಂದಳು.

"ನನ್ನನ್ಯಾಕಮ್ಮ ಹರಸ್ತೀಯ? ನಿನ್ನ ಕಾಲಿಗೇ ಬೆಳಕು ಬಿಟ್ಟಿದ್ನಲ್ಲ, ಮೆಟ್ಲು ಕಾಣ್ಲಿಲ್ವಾ?"

"ಎಲ್ಲಿ ಕಾಣುತ್ತಪ್ಪ? ಒಳಕ್ಕೆ ಕಾಲಿಟ್ಟಾಗಿಂದ್ಲೂ ಕಣ್ಣಿಗೆ ಚುಚ್ತಿತ್ತು. ತಡೀಲಾರ್ದೆ ಕಣ್ಣು ಮುಚ್ಕೊಂಡೇ ಬಂದೆ."

"ಅಯ್ಯೋ, ಒಂದು ಮಾತು ಹೇಳಬಾರ್ದಾಗಿತ್ತಾ?"

"ನಂಗೆ ಅಂತ ಬೆಳಕು ಹಿಡ್ಕೊಂಡು ಹೋಗೋನಿಗೆ, ನಿನ್ನ ಬೆಳಕು ಸರಿಗಿಲ್ಲ ಅಂತ ಹೆಂಗಪ್ಪ ಹೇಳ್ಲಿ?"

ದೀವಟಿಗೆಯವನು ಗವಿಯ ಬಾಯಲ್ಲೇ ಕುಳಿತ. ಹದಿನೈದು ದಿನದಿಂದ ಜನ ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದರು ಎಂಬುದು ಅವನಿಗೆ ಆಗ ಅರ್ಥವಾಯಿತು. ಅವರೆಲ್ಲ ಬಂದದ್ದೇ ಕೈಮುಗಿಯಲು. ಎದುರಿಗೆ ಬಂದದ್ದಕ್ಕೆಲ್ಲ ಕೈಮುಗಿದು ಹೋಗಿದ್ದರು. ಅವನ ಟಾರ್ಚಿಗೂ ಮುಗಿದಿದ್ದರು. ಅದನ್ನು ಅವನು ಮೆಚ್ಚುಗೆ ಎಂದುಕೊಂಡಿದ್ದ. ತನ್ನ ಬಗ್ಗೆ ಅವನಿಗೆ ಬಹಳ ನಾಚಿಕೆಯಾಯಿತು.

ಮುದುಕಿ ಊರಿಗೆ ಹೋಗಲಿಲ್ಲ. ನೀರಿಲ್ಲದೆ ಯಾವ ಮುಖ ಇಟ್ಟುಕೊಂಡು ಹೋಗಲಿ, ಮಗು ಹೆಸರಿಲ್ಲದೆ ಮಲಗಿದೆ ಎಂದಳು. ಕೈಗೆ ಕಟ್ಟು ಹಾಕಿಸಿಕೊಂಡು ಗುಡ್ಡದ ಬುಡದ ಛತ್ರದಲ್ಲಿ ಉಳಿದಳು. ದೀವಟಿಗೆಯವನು ವ್ಯಾಪಾರಿಯ ಅಂಗಡಿಗೆ ಓಡಿ, ಹಿಂದಿರುಗಿಸಿದ್ದ ಐದು ಟಾರ್ಚನ್ನೂ ಮತ್ತೆ ತಂದ. ಗವಿಯ ಬಾಯಿಂದ ಹತ್ತು ಹೆಜ್ಜೆ ಒಳಗೆ ಸಮನಾದ ಜಾಗವಿತ್ತು. ಅಲ್ಲಿ ತಾನು ಮುಂದೆ ನಿಂತು ಮುದುಕಿಯನ್ನು ಹಿಂದೆ ನಿಲ್ಲಿಸಿಕೊಂಡ. ಒಂದೊಂದೇ ಟಾರ್ಚು ಹೊತ್ತಿಸಿ, ಹಿಂದಕ್ಕೆ ತಿರುಗಿಸಿ ಹಿಡಿದು ನಡೆದ. ಹೇಗಿದೆ ಎಂದು ಕೇಳಿದ. ಎಲ್ಲದಕ್ಕೂ ಮುದುಕಿ, ಚೆನ್ನಾಗಿದೆಯಪ್ಪ, ಚೆನ್ನಾಗಿದೆ ಎಂದಳು.

ಅವನು ಟಾರ್ಚನ್ನು ಕೆಳಗಿಟ್ಟು ಅವಳ ಕಾಲು ಹಿಡಿದುಕೊಂಡ. "ಹರಸಿದ್ದು ಸಾಕಮ್ಮ. ನಿನ್ನ ಮೊಮ್ಮಗೂನ ನೆನೆಸ್ಕೊಂಡು ಒಂದ್ಸಲ ನನ್ನನ್ನ ಬೈಯಿ" ಎಂದ.

ಮಗುವಿನ ಮಾತು ಬಂದ ಮೇಲೆ ಮುದುಕಿಯ ದಾಕ್ಷಿಣ್ಯ ಬಿಟ್ಟುಹೋಯಿತು. ಒಂದರ ಬೆಳಕು ಬಂಡೆಯ ತೇವಕ್ಕೆ ಬಡಿದು ಮುಖಕ್ಕೆ ರಾಚುತ್ತದೆ ಎಂದಳು. ಇನ್ನೊಂದರ ಬೆಳಕಿನಲ್ಲಿ ಗೋಡೆ, ಸೂರು, ಬಾವಲಿ ಎಲ್ಲ ಕಾಣುತ್ತದೆ, ಅದನ್ನು ನೋಡುತ್ತ ಕಾಲೇ ಮರೆತುಹೋಗುತ್ತದೆ ಎಂದಳು. ಒಂದು ನಡುಗುತ್ತದೆ, ಒಂದು ಕಾಸಿನಗಲಕ್ಕೆ ಬೀಳುತ್ತದೆ. ಅವನು ಹೆಮ್ಮೆಯಿಂದ ಜೇಬಿಗೆ ಹಾಕಿಕೊಂಡಿದ್ದಕ್ಕಂತೂ ಅವಳು ಬೈದದ್ದನ್ನು ನಾನು ಮಠದ ಜಗಲಿಯಲ್ಲಿ ಕುಳಿತು ಹೇಳಲಾರೆ. ಕೊನೆಗೆ ಉಳಿದದ್ದು ಒಂದು ಸಣ್ಣ ಪೆನ್ನಿನಂಥ ಟಾರ್ಚು. ಮಂಕು ಹಳದಿ ಬೆಳಕು. ಮಾರಲು ವ್ಯಾಪಾರಿಗೇ ಮುಜುಗರ. ಅದರ ಬೆಳಕಿನಲ್ಲಿ ಮುದುಕಿ ನಾಲ್ಕು ಹೆಜ್ಜೆ ನಡೆದು, "ನನ್ನ ಪಾದ ಕಾಣುತ್ತೆ. ಮುಂದೆ ಎಲ್ಲಿ ಇಡಬೇಕೋ ಅದೂ ಕಾಣುತ್ತೆ. ನಡಿಯಪ್ಪ" ಎಂದಳು.

ದೀವಟಿಗೆಯವನು ತನ್ನ ಮನೆಯ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದುಕೊಟ್ಟ. ಮೂವರೂ ಒಳಗೆ ಇಳಿದರು. ತಿರುವಿನಲ್ಲಿ ಅವನು ನಿಂತು, ಕಣ್ಣು ಬಿಟ್ಟಿದ್ದೀಯಾ ಅಮ್ಮ ಎಂದು ಕೇಳಿದ. ಬಿಟ್ಟಿದ್ದೇನೆ ಎಂದಳು. ಮುದುಕಿ ಎಡಗೈಯಲ್ಲೇ ನೀರು ತುಂಬಿದಳು. ಹೊರಗೆ ಬಂದ ಮೇಲೆ ಮೊದಲ ಹನಿಯನ್ನು ದೀವಟಿಗೆಯವನ ಎರಡೂ ಕಣ್ಣಿಗೆ ಹಚ್ಚಿ, ಅಳಿಯನ ಹೆಗಲು ಹಿಡಿದು ಗುಡ್ಡ ಇಳಿದಳು. ಮರುವಾರ ಮಗುವಿಗೆ ಹೆಸರಿಟ್ಟ ಸುದ್ದಿ ಬಂತು. ಅಂದು ದೀವಟಿಗೆಯವನ ಮನೆಯಲ್ಲೂ ಪಾಯಸ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಕಿರುಬೆರಳಿನಷ್ಟಿದ್ದ ಟಾರ್ಚನ್ನು ಎತ್ತಿ ಡಬ್ಬಿಗೆ ಹಾಕಿದ. "ತಿಳಿಯಿತು, ಬುದ್ಧಿ. ಆ ಊರಿಗೆ ಡಬ್ಬಿಯನ್ನೇ ಒಯ್ಯುತ್ತೇನೆ. ಅಲ್ಲಿಯವರನ್ನು ಹಿಂದೆ ನಿಲ್ಲಿಸಿಕೊಂಡು, ಕೇಳಿ, ಒಂದನ್ನು ಆರಿಸುತ್ತೇನೆ. ಹನ್ನೊಂದು ವರ್ಷ ನನ್ನ ಮುಂದೆ ಬೆಳಕು ಹಿಡಿದು ನಡೆದಿರಿ. ನಿಮ್ಮ ಉಪಕಾರವನ್ನು ನಾನು ಹೇಗೆ ಮರೆಯಲಿ?" ಎಂದು ಉದ್ದಕ್ಕೆ ನಮಸ್ಕಾರ ಮಾಡಿದ.

ಗುರುಗಳು ಅವನ ಭುಜ ಹಿಡಿದು ಎಬ್ಬಿಸಿ, "ಕೈಮುಗಿದದ್ದು ಸಾಕಪ್ಪ, ಹನ್ನೊಂದು ವರ್ಷದಲ್ಲಿ ನೀನು ಎಲ್ಲೆಲ್ಲಿ ಕಣ್ಣು ಮುಚ್ಚಿಕೊಂಡು ನನ್ನ ಹಿಂದೆ ಬಂದೆ, ಅದನ್ನು ಹೇಳಿ ಹೋಗು" ಎಂದರು.